ಹೊಸದು ತಗೊಳ್ಳಿ ಮೇಡಂ

ಮೊಬೈಲು ಚಾರ್ಜ್ ಆಗುತ್ತಿಲ್ಲವೆಂದು ಅಂಗಡಿಗೆ ಒಯ್ದರೆ, ಹುಡುಗ ತಿರುಗಿಸಿಯೂ ನೋಡಲಿಲ್ಲ. "ಹಳೇದಾಯ್ತು, ಹೊಸದು ತಗೊಳ್ಳಿ ಮೇಡಂ" ಎಂದ. ಮೂರು ವರ್ಷಕ್ಕೇ ಮುಪ್ಪೇ? ನಮ್ಮ ಮನೆಯ ಮಿಕ್ಸಿಗೆ 18 ತುಂಬಿದೆ!

ಮನೆಗೆ ಬಂದು ಫೋನ್ ಆಫ್ ಮಾಡಿ, ಚಾರ್ಜರ್ ಸಿಕ್ಕಿಸುವ ತೂತಿಗೆ ಟಾರ್ಚ್ ಹಿಡಿದೆ. ಬ್ಯಾಗಿನ ನೂಲುಕಸ ಗಟ್ಟಿಯಾಗಿ ಕೂತಿತ್ತು. ಪಿನ್ನು ಹಾಕಬಾರದು; ಒಣಗಿದ ಮರದ ಹಲ್ಲುಕಡ್ಡಿಯಿಂದ ಮೆಲ್ಲಗೆ ತೆಗೆದೆ. ಚಾರ್ಜ್ ಆಯಿತು.

ನಮ್ಮ ಶಾಲೆಯ ಬಿಸಿಯೂಟದ ಅಡುಗೆಯಾಕೆಗೂ ಇದೇ ಉತ್ತರ ಸಿಕ್ಕಿತ್ತು. ನಂಬಿದರು. ಈಗ ತಿಂಗಳ ಸಂಬಳದಲ್ಲಿ ಕಂತು ಕಟ್ಟುತ್ತಿದ್ದಾರೆ. ಬ್ಯಾಟರಿ ಸೋತರೆ ಬ್ಯಾಟರಿಯೊಂದನ್ನೇ ಬದಲಿಸಬಹುದು. ಫೋನು ನಿಧಾನವಾದರೆ ತುಂಬಿಕೊಂಡ ಫೋಟೋ, ವಿಡಿಯೋ ಅಳಿಸಿ ನೋಡಬಹುದು. ಇದನ್ನು ಮುಚ್ಚಿಟ್ಟು ಮಾರುವುದಕ್ಕೆ ವ್ಯಾಪಾರವೆನ್ನಬೇಕೆ? ಪ್ರಶ್ನೆ ಕೇಳದೆ ಕೊಳ್ಳುವ ನಾವು ಓದಿದವರೂ ತಪ್ಪಿತಸ್ಥರೇ. ನಮ್ಮನ್ನು ನೋಡಿಯೇ ಅಲ್ಲವೇ ಆಕೆಯೂ ನಂಬಿದ್ದು?