ಆಕಾಶದಿಂದಿಳಿದ ಕಾಫಿ

ದೇವತೆಗಳು ಆಕಾಶದಿಂದ ಪುಷ್ಪವೃಷ್ಟಿ ಕರೆದರೆಂದು ಪುರಾಣಗಳಲ್ಲಿ ಓದಿದ್ದೇವೆ. ಕಾಫಿ ಇಳಿದುದು ನಮ್ಮ ಕಾಲದ ಸಂಗತಿ. ಆಸ್ಟ್ರೇಲಿಯದ ಕ್ಯಾನ್‌ಬೆರಾ ನಗರದ ಬಾನಿಥನ್ ಬಡಾವಣೆಯಲ್ಲಿ 2018ರಲ್ಲಿ ವಿಂಗ್ ಸಂಸ್ಥೆಯ ಡ್ರೋನುಗಳು ಕಾಫಿ ತಿಂಡಿಗಳನ್ನು ಮನೆಯಂಗಳಕ್ಕೆ ಹಗ್ಗದಲ್ಲಿ ಇಳಿಬಿಟ್ಟವು. ಕೆಲವರು ಮೆಚ್ಚಿದರು, ಮತ್ತೆ ಕೆಲವರು ಅವುಗಳ ಕರ್ಕಶ ಮೊರೆತಕ್ಕೆ ಬೇಸತ್ತು ಒಗ್ಗೂಡಿ ಪ್ರತಿಭಟಿಸಿದರು. 2021ರಲ್ಲಿ ಅದೇ ನಗರದ ಹ್ಯಾರಿಸನ್ನಿನಲ್ಲಿ, ಗೂಡು ಕಟ್ಟುವ ಋತುವಿನ ಕಾಡುಕಾಗೆಯೊಂದು ಹಾರುವ ಯಂತ್ರದ ಮೇಲೆಯೇ ಎರಗಿತು. ಅಲ್ಲಿ ಸೇವೆಯನ್ನು ಕೆಲಕಾಲ ನಿಲ್ಲಿಸಬೇಕಾಯಿತು.

ಇಷ್ಟರಿಂದಲೇ ಯಂತ್ರವನ್ನು ಹಳಿಯುವುದು ನ್ಯಾಯವಲ್ಲ. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಸಂಶೋಧಕರು 2022ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಅರ್ಧ ಕಿಲೋ ಕಟ್ಟನ್ನು ಸಣ್ಣ ಡ್ರೋನು ಮುಟ್ಟಿಸಿದರೆ ಹೊರಬೀಳುವ ಇಂಗಾಲಾನಿಲ ಸುಮಾರು 70 ಗ್ರಾಂ. ಡೀಸೆಲ್ ಲಾರಿಗಿಂತ ಬಹಳ ಕಡಿಮೆ. ಆದರೆ 2018ರ ಇನ್ನೊಂದು ಅಧ್ಯಯನ ಎಚ್ಚರಿಕೆಯನ್ನೂ ಹೇಳಿತ್ತು. ಡ್ರೋನು ಹಾರುವ ದೂರ ಅಲ್ಪವಾದುದರಿಂದ ಊರ ತುಂಬ ಉಗ್ರಾಣಗಳು ಬೇಕು. ಅವಕ್ಕೂ ವಿದ್ಯುತ್ತು ಬೇಕು. ಆ ವಿದ್ಯುತ್ತು ಕಲ್ಲಿದ್ದಲಿನದಾದರೆ, ದೊಡ್ಡ ಡ್ರೋನು ಲಾರಿಗಿಂತಲೂ ಹೆಚ್ಚು ಹೊಗೆಗೆ ಕಾರಣವಾದೀತು.

ನನ್ನ ಸಂದೇಹ ಬೇರೆಯದು. ಈ ಲೆಕ್ಕಗಳೆಲ್ಲ ಡ್ರೋನನ್ನು ಲಾರಿಯೊಡನೆ ತೂಗುತ್ತವೆ. ಆದರೆ ಆ ಕಾಫಿಗೆ ಲಾರಿ ಎಂದಾದರೂ ಬರುತ್ತಿತ್ತೆ? ಬೀದಿಯ ತಿರುವಿಗೆ ನಡೆದುಹೋಗುವವನು ಅಂಗಳದಲ್ಲಿ ಕಾದು ಕುಳಿತರೆ ಉಳಿತಾಯ ಎಲ್ಲಿ? ಅದು ಹೊಸ ವೆಚ್ಚ. ಇಂಗಾಲದ ಲೆಕ್ಕದಲ್ಲಿ ಮೌನಕ್ಕೂ ಹಕ್ಕಿಯ ಗೂಡಿಗೂ ಅಂಕಣವೇ ಇಲ್ಲ.

ಇನ್ನೊಂದು ಚಿತ್ರವೂ ಇದೆ. ಬೆಟ್ಟಗುಡ್ಡಗಳ ರುವಾಂಡಾ ದೇಶದಲ್ಲಿ ಜಿಪ್‌ಲೈನ್ ಸಂಸ್ಥೆಯ ಡ್ರೋನುಗಳು 2016ರಿಂದ ದೂರದ ಆಸ್ಪತ್ರೆಗಳಿಗೆ ರಕ್ತವನ್ನು ಒಯ್ದು, ಪುಟ್ಟ ಪ್ಯಾರಾಚೂಟಿನಲ್ಲಿ ಇಳಿಸುತ್ತ ಬಂದಿವೆ. ಹೆರಿಗೆಯಲ್ಲಿ ರಕ್ತ ಸೋರುತ್ತಿರುವ ತಾಯಿಗೆ ಆ ಮೊರೆತ ಕರ್ಕಶವೆನಿಸದು.

ಆಕಾಶ ಯಾರೊಬ್ಬರ ಸೊತ್ತೂ ಅಲ್ಲವಾದ್ದರಿಂದ, ಅದನ್ನು ಬಳಸುವವರು ಮೊದಲು ಅಗತ್ಯವನ್ನು ತೋರಿಸಬೇಕೆಂಬುದು ನನ್ನ ಮತ. ರಕ್ತಕ್ಕೆ ದಾರಿ ಬಿಡೋಣ. ಕಾಫಿಗೆ ಕಾಲುದಾರಿ ಸಾಕು. ಅಂದಹಾಗೆ, 2022ರ ಆ ಲೆಕ್ಕದಲ್ಲಿ ಡ್ರೋನಿಗಿಂತಲೂ ಕಡಿಮೆ ಅನಿಲದಲ್ಲಿ ಕಟ್ಟು ಮುಟ್ಟಿಸಿದ ವಾಹನ ಒಂದೇ: ವಿದ್ಯುತ್ ಜೋಡಿಸಿದ ಸರಕಿನ ಸೈಕಲ್. ನಮ್ಮ ಅಂಚೆಯಣ್ಣ ಕೇಳಿದ್ದರೆ ಗಂಟೆ ಬಾರಿಸಿ ನಕ್ಕುಬಿಡುತ್ತಿದ್ದ.