ಷೆಡ್ಡಿನಲ್ಲಿ ನಿಂತ ಅಂಬಾಸಡರ್

ಬಸವನಗುಡಿ, ಮಲ್ಲೇಶ್ವರ, ಮೈಸೂರಿನ ಒಂಟಿಕೊಪ್ಪಲು ಮೊದಲಾದ ಹಳೆಯ ಬಡಾವಣೆಗಳಲ್ಲಿ ಮನೆಯ ಪಕ್ಕದ ತಗಡಿನ ಷೆಡ್ಡಿನೊಳಗೆ, ಮುರಿದ ತೊಟ್ಟಿಲು, ಪತ್ರಿಕೆಗಳ ಕಟ್ಟು, ತೆಂಗಿನ ಗರಟದ ಮೂಟೆ ಇವುಗಳ ನಡುವೆ ಅಂಬಾಸಡರ್ ಮೋಟಾರೊಂದು ಧೂಳು ಹೊದ್ದು ನಿಂತಿರುವುದು ಇಂದಿಗೂ ಉಂಟು. ಅದನ್ನು ಕೊಂಡ ಯಜಮಾನರು ಕಾಲವಾಗಿ ಎಷ್ಟೋ ವರ್ಷಗಳಾಗಿವೆ. ಮಾರಲು ಅಜ್ಜಿಗೆ ಮನಸ್ಸಿಲ್ಲ. ನಡೆಸಲು ಮಕ್ಕಳಿಗೆ ಬಿಡುವಿಲ್ಲ. ಗುಜರಿಯವನು ಆಗಾಗ ಬಂದು ಕಬ್ಬಿಣದ ತೂಕದಲ್ಲಿ ಬೆಲೆ ಹೇಳಿ ಹೋಗುತ್ತಾನೆ. ಹೀಗಿರಲು ಒಂದು ದಿನ ಮೊಮ್ಮಗನಿಗೆ ಅದನ್ನು ಮತ್ತೆ ರಸ್ತೆಗೆ ಇಳಿಸಬೇಕೆಂಬ ಹುಚ್ಚು ಹಿಡಿಯುತ್ತದೆ. ಹುಚ್ಚು ಒಳ್ಳೆಯದೇ. ಆದರೆ ಕೆಲಸವನ್ನು ಯಾವ ತುದಿಯಿಂದ ಆರಂಭಿಸಬೇಕೆಂಬುದರಲ್ಲಿ ಹಲವರು ಎಡವುತ್ತಾರೆ.

ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಗಾಡಿಯ ಮೂರನೆಯ ಮಾದರಿಯನ್ನು ಆಧರಿಸಿ, ಹಿಂದೂಸ್ಥಾನ್ ಮೋಟರ್ಸ್ ಸಂಸ್ಥೆ ಬಂಗಾಳದ ಉತ್ತರಪಾಡಾದಲ್ಲಿ 1957ರಲ್ಲಿ ಅಂಬಾಸಡರ್ ತಯಾರಿಕೆಗೆ ತೊಡಗಿತು. 2014ರ ಮೇ ತಿಂಗಳಲ್ಲಿ ತಯಾರಿಕೆ ನಿಂತಿತು. ಅಷ್ಟು ದೀರ್ಘಕಾಲ ಒಂದೇ ಮೈಕಟ್ಟಿನಲ್ಲಿ ಬಾಳಿದ್ದರಿಂದ ಹಳೆಯ ಗಾಡಿಗೆ ಬೇಕಾದ ಬಿಡಿಭಾಗಗಳು ಇನ್ನೂ ದೊರೆಯುತ್ತವೆ, ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ತಾಳ್ಮೆಯಿಂದ ಅಲೆಯುವವನು ಬರಿಗೈಯಲ್ಲಿ ಹಿಂದಿರುಗುವುದು ಅಪರೂಪ.

ಷೆಡ್ಡಿನಿಂದ ಹೊರಗೆ ತಂದ ಗಾಡಿಗೆ ಮೊದಲು ಬಣ್ಣ ಬಳಿಸುವುದು ಲೋಕದ ವಾಡಿಕೆ. ಇದಕ್ಕಿಂತ ದೊಡ್ಡ ತಪ್ಪು ಮತ್ತೊಂದಿಲ್ಲ. ಈ ಮೋಟಾರಿಗೆ ಲಾರಿಗಿರುವಂತೆ ಪ್ರತ್ಯೇಕವಾದ ಚಾಸಿ ಇಲ್ಲ. ಒಡಲೇ ಅದರ ಬೆನ್ನೆಲುಬು. ಬಾಗಿಲುಗಳ ಕೆಳಗೆ ಉದ್ದಕ್ಕೂ ಹೋಗುವ ಪೆಟ್ಟಿಗೆಯಾಕಾರದ ತೊಲೆಗಳಲ್ಲಿ, ನೆಲದ ತಗಡಿನಲ್ಲಿ, ಹಿಂದಿನ ಪಟ್ಟಿ ಸ್ಪ್ರಿಂಗು ಕಚ್ಚಿಕೊಳ್ಳುವ ಜಾಗದಲ್ಲಿ ತುಕ್ಕು ಹಿಡಿದಿದ್ದರೆ ಮೇಲಿನ ಹೊಳಪಿನಿಂದ ಏನೂ ಪ್ರಯೋಜನವಿಲ್ಲ. ಹೊರಗೆ ಥಳಕು, ಒಳಗೆ ಹುಳುಕು ಎಂಬ ಗಾದೆ ಇಂಥ ಗಾಡಿಗಳನ್ನು ನೋಡಿಯೇ ಹುಟ್ಟಿರಬೇಕು! ಹಳೆಯ ಸ್ಕ್ರೂಡ್ರೈವರಿನಿಂದ ಒತ್ತಿ ನೋಡಿ, ಕುಸಿದ ಕಡೆಯಲ್ಲೆಲ್ಲ ತುಕ್ಕನ್ನು ಪೂರ್ತಿ ಕತ್ತರಿಸಿ ತೆಗೆದು, ಗಟ್ಟಿ ತಗಡನ್ನು ಬೆಸುಗೆ ಹಾಕಿಸಬೇಕು. ಬೆಸುಗೆಯವನು ಬರುವ ಮುನ್ನ ಪೆಟ್ರೋಲ್ ಟ್ಯಾಂಕನ್ನು ಬಿಚ್ಚಿ ದೂರ ಇರಿಸಬೇಕು. ಖಾಲಿಯಾದ ಟ್ಯಾಂಕು ತುಂಬಿದ ಟ್ಯಾಂಕಿಗಿಂತ ಅಪಾಯಕರ. ಅದರಲ್ಲಿ ನಿಂತ ಆವಿಗೆ ಒಂದು ಕಿಡಿ ಸಾಕು. ಬರಿಯ ಜ್ಯಾಕಿನ ಮೇಲೆ ನಿಂತ ಗಾಡಿಯ ಕೆಳಗೆ ಯಾರೂ ತಲೆ ಇಡಕೂಡದು. ಕಬ್ಬಿಣದ ಸ್ಟ್ಯಾಂಡುಗಳಿಲ್ಲದೆ ಈ ಹವ್ಯಾಸಕ್ಕೆ ಕೈ ಹಾಕದಿರುವುದೇ ಲೇಸು.

ತುಕ್ಕಿನ ನಂತರ ಬ್ರೇಕು. ಹಳೆಯ ಅಂಬಾಸಡರಿನಲ್ಲಿ ನಾಲ್ಕು ಚಕ್ರಗಳಿಗೂ ಡ್ರಮ್ ಬ್ರೇಕು, ಎಲ್ಲಕ್ಕೂ ಸೇರಿ ಒಂದೇ ದ್ರವದ ದಾರಿ. ಯಾವುದೋ ಒಂದು ಚಕ್ರದ ಸಿಲಿಂಡರಿನಲ್ಲಿ ರಬ್ಬರು ಹರಿದು ದ್ರವ ಸೋರಿದರೆ ಪೆಡಲು ನೇರವಾಗಿ ನೆಲಕ್ಕೆ ಇಳಿಯುತ್ತದೆ. ನಾಲ್ಕು ಚಕ್ರಗಳೂ ಒಟ್ಟಿಗೆ ಕೈಕೊಡುತ್ತವೆ. ಹಿಂದಿನ ಸೀಟಿನಲ್ಲಿ ಕೂರುವ ಮಕ್ಕಳನ್ನು ನೆನೆದವನು ಇಲ್ಲಿ ಜಿಪುಣತನ ತೋರಲಾರ. ಮಾಸ್ಟರ್ ಸಿಲಿಂಡರಿನ ರಬ್ಬರುಗಳು, ಚಕ್ರಗಳ ಸಿಲಿಂಡರುಗಳು, ಬಾಗುವ ಕೊಳವೆಗಳು ಎಲ್ಲವನ್ನೂ ಹೊಸದಾಗಿ ಹಾಕಿಸಬೇಕು. ಬ್ರೇಕಿನ ದ್ರವ ಗಾಳಿಯ ತೇವವನ್ನು ಹೀರುತ್ತದೆ. ತೇವ ಸೇರಿದಂತೆಲ್ಲ ಅದರ ಕುದಿಯುವ ಬಿಂದು ಇಳಿದು, ಇಳಿಜಾರಿನಲ್ಲಿ ಬ್ರೇಕು ಸಡಿಲವಾಗುತ್ತದೆ. ಆದುದರಿಂದ ಎರಡು ವರ್ಷಕ್ಕೊಮ್ಮೆ ಬದಲಾಯಿಸುವುದು ವಿಹಿತ. ಹಳೆಯ ಲೈನಿಂಗಿನ ಧೂಳಿನಲ್ಲಿ ಕಲ್ನಾರು ಇರುವ ಸಂಭವವುಂಟು. ಬಾಯಿಂದ ಊದದೆ ಒದ್ದೆ ಬಟ್ಟೆಯಿಂದ ಒರೆಸಬೇಕು. ಟಯರುಗಳ ಪಟ್ಟೆ ಸವೆಯದೆ ಚೆನ್ನಾಗಿದ್ದರೂ ಹತ್ತಾರು ವರ್ಷ ನಿಂತ ರಬ್ಬರು ನಂಬಿಕೆಗೆ ಅರ್ಹವಲ್ಲ.

ಇನ್ನು ಎಂಜಿನಿನ ಸರದಿ. ಎಷ್ಟೋ ವರ್ಷ ನಿದ್ರಿಸಿದ ಯಂತ್ರವನ್ನು ಹೊಸ ಬ್ಯಾಟರಿ ಕೊಟ್ಟು ಒಮ್ಮೆಗೇ ಎಬ್ಬಿಸಲು ಹೋಗುವುದು ಕುಂಭಕರ್ಣನನ್ನು ಎಬ್ಬಿಸಿದಂತೆ, ಅನಾಹುತ ಕಟ್ಟಿಟ್ಟದ್ದು. ನಾಲ್ಕು ಸ್ಪಾರ್ಕ್ ಪ್ಲಗ್ಗುಗಳನ್ನು ತೆಗೆದು ಪ್ರತಿ ಸಿಲಿಂಡರಿಗೆ ಒಂದು ಚಮಚ ಎಣ್ಣೆ ಬಿಟ್ಟು, ಒಂದು ರಾತ್ರಿ ಕಾದು, ಮರುದಿನ ಕೈಯಿಂದ ಮೆಲ್ಲನೆ ತಿರುಗಿಸಬೇಕು. ತಿರುಗದಿದ್ದರೆ ಇನ್ನೂ ಕಾಯಬೇಕು. ಬಲಪ್ರಯೋಗ ಸಲ್ಲದು. ಹಳೆಯ ಪೆಟ್ರೋಲು ಅಂಟಾಗಿರುತ್ತದೆ. ಚೆಲ್ಲಿ, ಟ್ಯಾಂಕು ತೊಳೆದು, ಎಂಜಿನ್ ಎಣ್ಣೆಯನ್ನೂ ಶೋಧಕವನ್ನೂ ಬದಲಾಯಿಸಿದ ಮೇಲೆಯೇ ಕಿಡಿ ಕೊಡಬೇಕು. ಆ ಕಾಲದ ಬ್ರಿಟಿಷ್ ಮೂಲದ ಅನೇಕ ಗಾಡಿಗಳಲ್ಲಿ ಬ್ಯಾಟರಿಯ ಧನಾಗ್ರವೇ ಒಡಲಿಗೆ ಜೋಡಣೆಯಾಗಿರುತ್ತದೆ. ನೋಡದೆ ತಿರುಗಾಮುರುಗಾ ಕಟ್ಟಿದವನು ಷೆಡ್ಡಿನಲ್ಲಿ ಹೊಗೆಯನ್ನು ಕಾಣುತ್ತಾನೆ.

1489 ಘನ ಸೆಂಟಿಮೀಟರಿನ ಈ ಎಂಜಿನು ಬಹಳ ಸೌಮ್ಯ ಸ್ವಭಾವದ್ದು. ಪ್ಲಗ್ಗಿನ ಸಂದು ಅಂಗುಲದ ಸಾವಿರದ 25 ಭಾಗ, ಡಿಸ್ಟ್ರಿಬ್ಯೂಟರಿನ ಪಾಯಿಂಟಿನ ಸಂದು 15 ಭಾಗ, ಟ್ಯಾಪೆಟ್ಟಿನದೂ 15. ಒಂದು ಫೀಲರ್ ಗೇಜು ಇದ್ದರೆ ಭಾನುವಾರದ ಮುಂಜಾನೆಯೊಳಗೆ ಮೂರನ್ನೂ ಸರಿಪಡಿಸಬಹುದು. ಇಂದಿನ ಗಣಕಯಂತ್ರದ ಮೋಟಾರುಗಳನ್ನು ಹೀಗೆ ಮುಟ್ಟಲು ಯಾರಿಗೆ ಸಾಧ್ಯ? ಆದರೆ ಇಂಧನ ಬದಲಾಗಿದೆ. ಸೀಸ ಬೆರೆತ ಪೆಟ್ರೋಲು ನಮ್ಮ ದೇಶದಲ್ಲಿ 2000ದಲ್ಲಿ ನಿಂತಿತು. ಬೀಡುಕಬ್ಬಿಣದ ಈ ತಲೆಯಲ್ಲಿ ವಾಲ್ವು ಕೂರುವ ಪೀಠಕ್ಕೆ ಸೀಸವೇ ಮೆತ್ತೆಯಾಗಿತ್ತು. ಅದಿಲ್ಲದೆ ಬಹಳ ವೇಗವಾಗಿ, ದೂರದೂರ ಓಡಿಸಿದರೆ ಪೀಠ ಸವೆಯುತ್ತದೆ. ತಲೆ ಬಿಚ್ಚಿದಾಗ ಗಟ್ಟಿ ಉಕ್ಕಿನ ಪೀಠಗಳನ್ನು ಕೂರಿಸುವುದು ಪರಿಹಾರ. ಇತ್ತೀಚಿನ ಪೆಟ್ರೋಲಿನಲ್ಲಿ ಶೇಕಡಾ 20ರವರೆಗೆ ಎಥನಾಲ್ ಇರುತ್ತದೆ. ಅದು ನೀರನ್ನು ಹೀರುತ್ತದೆ, ಹಳೆಯ ರಬ್ಬರನ್ನು ಮೆದುವಾಗಿಸುತ್ತದೆ. ಇಂಧನದ ಕೊಳವೆಯಿಂದ ಬಿಸಿ ಎಂಜಿನಿನ ಮೇಲೆ ಹನಿ ಬಿದ್ದರೆ ಬೆಂಕಿಯೇ ಸರಿ. ಎಥನಾಲ್ ತಡೆಯುವ ಕೊಳವೆಗಳಿಗೆ ತಗಲುವ ಹಣ ಅಲ್ಪ.

ಹಳೆಯ ಎಂಜಿನನ್ನು ತೆಗೆದು ಡೀಸೆಲನ್ನೋ ಬೇರೆ ಕಂಪೆನಿಯದನ್ನೋ ಕೂರಿಸುವ ಸಲಹೆ ಕೊಡುವವರು ಬೀದಿಗೊಬ್ಬರಿದ್ದಾರೆ. ಕೇಂದ್ರ ಸರಕಾರ 2021ರಲ್ಲಿ ಹೊರಡಿಸಿದ ನಿಯಮದಂತೆ, ಮೊದಲ ನೋಂದಣಿಯಾಗಿ 50 ವರ್ಷ ದಾಟಿ, ಒಡಲು ಹಾಗೂ ಎಂಜಿನುಗಳು ಮೂಲರೂಪದಲ್ಲೇ ಉಳಿದ ಗಾಡಿಗಳಿಗೆ 'ವಿಎ' ಅಕ್ಷರಗಳುಳ್ಳ ವಿಶೇಷ ನೋಂದಣಿ ಸಂಖ್ಯೆ ದೊರೆಯುತ್ತದೆ. ಅಂಥ ಗಾಡಿಯನ್ನು ಪ್ರದರ್ಶನ ಮುಂತಾದ ಸಂದರ್ಭಗಳಿಗೆ ಬಳಸಬಹುದೇ ಹೊರತು ನಿತ್ಯದ ಓಡಾಟಕ್ಕಲ್ಲ. ಎಂಜಿನ್ ಬದಲಾಯಿಸಿದವನಿಗೆ ಆ ಬಾಗಿಲು ಮುಚ್ಚುತ್ತದೆ. ಅಜ್ಜ ಕೊಂಡ ಗಾಡಿಯೂ ಅರ್ಧ ಬೇರೆಯವರದಾಗುತ್ತದೆ.

ಗಾಡಿ ಸಿದ್ಧವಾದ ಮೇಲೆ ಅದನ್ನು ನಿಲ್ಲಿಸಿಡುವುದೇ ಅದಕ್ಕೆ ಮಾಡುವ ದ್ರೋಹ. ವಾರಕ್ಕೊಮ್ಮೆ ಎಂಜಿನು ಪೂರ್ತಿ ಬಿಸಿಯಾಗುವಷ್ಟು ದೂರ ಓಡಿಸಬೇಕು. ಷೆಡ್ಡಿನಲ್ಲೇ ಐದು ನಿಮಿಷ ಗುರುಗುಟ್ಟಿಸಿ ನಿಲ್ಲಿಸಿದರೆ ಸೈಲೆನ್ಸರಿನೊಳಗೆ ನೀರು ನಿಂತು ತುಕ್ಕಾಗುತ್ತದೆ. ಮುಂಗಾಲಿನ ಕೀಲುಗಳಿಗೆ ಗ್ರೀಸು, ಎಸ್.ಯು. ಕಾರ್ಬ್ಯುರೇಟರ್ ಇದ್ದರೆ ಅದರ ಗೋಪುರದೊಳಗೆ ತೆಳು ಎಣ್ಣೆ, ಮಳೆಗಾಲದ ನಂತರ ಕಂಬಳಿಯಡಿಯ ನೆಲವನ್ನು ಎತ್ತಿ ಒಣಗಿಸುವುದು, ಇಷ್ಟನ್ನು ಮರೆಯದಿದ್ದರೆ ಸಾಕು. ಉಳಿದ ಶತ್ರು ಇಲಿಯೊಂದೇ. ಸೀಟಿನ ನಾರನ್ನೂ ವಿದ್ಯುತ್ ತಂತಿಯನ್ನೂ ಅದು ಒಂದೇ ರುಚಿಯಿಂದ ತಿನ್ನುತ್ತದೆ. ತೆಂಗಿನ ಗರಟದ ಆ ಮೂಟೆಯನ್ನು ಷೆಡ್ಡಿನಿಂದ ಹೊರಗೆ ಹಾಕಲು ಅಜ್ಜಿಯನ್ನು ಒಪ್ಪಿಸುವ ಹೊಣೆ ಮೊಮ್ಮಗನದು.