ಗೆಲುವಿನ ಅಳತೆಗೋಲು ಯಾರ ಕೈಯಲ್ಲಿ?

2019ರ ಸೆಪ್ಟೆಂಬರ್ 7ರ ಬೆಳಗಿನ ಜಾವ. ಇನ್ನೂ ಎರಡು ಗಂಟೆ ಆಗಿರಲಿಲ್ಲ. ಬೆಂಗಳೂರಿನ ಪೀಣ್ಯದಲ್ಲಿರುವ ಇಸ್ರೋ ನಿಯಂತ್ರಣ ಕೇಂದ್ರದಲ್ಲಿ ಎಲ್ಲರ ಕಣ್ಣೂ ಪರದೆಯ ಮೇಲೆ ನೆಟ್ಟಿತ್ತು. ಪ್ರಧಾನಮಂತ್ರಿಗಳು ಬಂದಿದ್ದರು, ರಸಪ್ರಶ್ನೆಯಲ್ಲಿ ಗೆದ್ದ ಶಾಲಾಮಕ್ಕಳೂ ನಿದ್ದೆಗೆಟ್ಟು ಕುಳಿತಿದ್ದರು. ಚಂದ್ರಯಾನ-2ರ ‘ವಿಕ್ರಮ್’ ನೌಕೆ ಚಂದ್ರನ ನೆಲಕ್ಕೆ ಇಳಿಯುತ್ತಿತ್ತು. ಸ್ವಲ್ಪ ಹೊತ್ತಿನಲ್ಲಿ ಪ್ರಕಟಣೆ ಹೊರಬಿತ್ತು: 2.1 ಕಿಲೋಮೀಟರ್ ಎತ್ತರದವರೆಗೆ ಎಲ್ಲವೂ ಸರಿಯಾಗಿತ್ತು, ಆ ಬಳಿಕ ಸಂಪರ್ಕ ಕಡಿದುಹೋಯಿತು.

ಆ ಯೋಜನೆಯ ನಿರ್ದೇಶಕಿ ಎಂ. ವನಿತಾ. ಮಿಷನ್ ಡೈರೆಕ್ಟರ್ ಹೊಣೆ ರಿತು ಕರಿಧಾಲ್ ಅವರದು. ಇಸ್ರೋದ ಇಂಥ ದೊಡ್ಡ ಗ್ರಹಯಾನವೊಂದರ ಚುಕ್ಕಾಣಿಯನ್ನು ಇಬ್ಬರು ಮಹಿಳೆಯರು ಹಿಡಿದದ್ದು ಅದೇ ಮೊದಲು. ಜುಲೈ 22ರಂದು ರಾಕೆಟ್ ಹಾರಿದಾಗ ಇವರನ್ನು ಹೊಗಳದ ಪತ್ರಿಕೆ ಇರಲಿಲ್ಲ. ಸೆಪ್ಟೆಂಬರ್ 7ರಂದು ಬೆಳಕು ಹರಿದಾಗ ಜನರ ಬಾಯಲ್ಲಿದ್ದ ಮಾತು ಒಂದೇ, ‘ಛೆ, ಆಗಲಿಲ್ಲವಲ್ಲ!’

ಇಲ್ಲಿಯೇ ಒಂದು ಪ್ರಶ್ನೆ ಏಳುತ್ತದೆ. ಹತ್ತಾರು ತಂಡಗಳನ್ನು ನಡೆಸುವ ಹೆಣ್ಣುಮಗಳೊಬ್ಬಳು ಕಷ್ಟಕಾಲ ಬಂದಾಗ ತನ್ನ ಕೆಲಸ ಗೆದ್ದಿತೋ ಸೋತಿತೋ ಎಂಬುದನ್ನು ಯಾವುದರಿಂದ ಅಳೆಯಬೇಕು?

ಎವರೆಟ್ ಹ್ಯೂಸ್ ಎಂಬ ಸಮಾಜಶಾಸ್ತ್ರಜ್ಞ 1937ರಷ್ಟು ಹಿಂದೆಯೇ ವೃತ್ತಿಜೀವನಕ್ಕೆ ಎರಡು ಮುಖಗಳಿವೆ ಎಂದು ತೋರಿಸಿದ್ದ. ಹುದ್ದೆ, ಸಂಬಳ, ಬಡ್ತಿ ಮುಂತಾಗಿ ಹೊರಗಿನವರಿಗೆ ಕಾಣುವುದು ಒಂದು ಮುಖ. ತನ್ನ ದುಡಿಮೆಯನ್ನು ತಾನೇ ಹಿಂತಿರುಗಿ ನೋಡಿ ಅದಕ್ಕೊಂದು ಅರ್ಥ ಕೊಟ್ಟುಕೊಳ್ಳುವುದು ಇನ್ನೊಂದು.

ಎಂಟನೆಯ, ಒಂಬತ್ತನೆಯ ತರಗತಿಯ ಮಕ್ಕಳಿಗೆ ಇದು ಬೇಗ ಅರ್ಥವಾಗುತ್ತದೆ. ತೂಕ ಮತ್ತು ದ್ರವ್ಯರಾಶಿಯ ವ್ಯತ್ಯಾಸವನ್ನು ನೆನಪಿಸಿಕೊಂಡರೆ ಸಾಕು. ಭೂಮಿಯ ಮೇಲೆ ಇರುವ ತೂಕ ಚಂದ್ರನ ಮೇಲೆ ಸುಮಾರು ಆರನೇ ಒಂದು ಭಾಗಕ್ಕೆ ಇಳಿಯುತ್ತದೆ. ದ್ರವ್ಯರಾಶಿ ಮಾತ್ರ ಎಲ್ಲಿಗೆ ಹೋದರೂ ಅಷ್ಟೇ. ಹೊರಗಿನವರು ಕೊಡುವ ಹೆಸರು ತೂಕವಿದ್ದಂತೆ; ನಿಂತ ಜಾಗ ಬದಲಾದರೆ ಅದೂ ಬದಲಾಗುತ್ತದೆ. ಕಲಿತ ವಿದ್ಯೆ, ಕಟ್ಟಿದ ತಂಡ, ಮುಗಿಸಿದ ಕೆಲಸ ಇವು ದ್ರವ್ಯರಾಶಿಯಿದ್ದಂತೆ. ಕಷ್ಟಕಾಲದಲ್ಲಿ ಆಧಾರವಾಗುವುದು ಇವೇ.

ಆದರೆ ಈ ಒಳಗಿನ ಅಳತೆ ತಾನಾಗಿಯೇ ಹುಟ್ಟುವುದಿಲ್ಲ. ಅದನ್ನು ರೂಪಿಸುವ ಸಂಗತಿಗಳಲ್ಲಿ ಮೂರು ಮುಖ್ಯವಾದವು.

ಮೊದಲನೆಯದು, ಕೆಲಸದ ಒಳಹೊರಗು ತಿಳಿದಿರುವುದು. ಚಂದ್ರಯಾನ-2 ಎಂದರೆ ವಿಕ್ರಮ್ ಒಂದೇ ಅಲ್ಲ. ಎಂಟು ವೈಜ್ಞಾನಿಕ ಉಪಕರಣಗಳನ್ನು ಹೊತ್ತ ಕಕ್ಷಾಗಾಮಿ ನೌಕೆಯೂ ಅದರಲ್ಲಿತ್ತು. ಅದು 2019ರ ಆಗಸ್ಟ್ 20ರಂದೇ ಚಂದ್ರನ ಕಕ್ಷೆಯನ್ನು ಸೇರಿ ಸುತ್ತತೊಡಗಿತ್ತು. ಒಂದು ವರ್ಷ ಬಾಳಿದರೆ ಸಾಕೆಂದು ರೂಪಿಸಿದ್ದ ನೌಕೆ ಅದು. ಉಡಾವಣೆ ಅಚ್ಚುಕಟ್ಟಾಗಿ ನಡೆದು ಇಂಧನ ಉಳಿದದ್ದರಿಂದ ಸುಮಾರು ಏಳು ವರ್ಷ ಬಾಳಬಲ್ಲದು ಎಂದು ಇಸ್ರೋ ಲೆಕ್ಕ ಹಾಕಿತು. ದೂರದಿಂದ ನೋಡಿದವರಿಗೆ ಕಂಡದ್ದು ಇಳಿಯದ ವಿಕ್ರಮ್ ಮಾತ್ರ. ಕೆಲಸ ಬಲ್ಲವರಿಗೆ ಮೇಲೆ ಸುತ್ತುತ್ತಿದ್ದ ಈ ನೌಕೆಯೂ ಕಾಣುತ್ತಿತ್ತು.

ಎರಡನೆಯದು, ಹೊಣೆ ಕೈಗೆ ಬಂದ ಗಳಿಗೆ ಎಂಥದು ಎಂಬುದು. 2003ರಲ್ಲಿ ಲಂಡನ್ನಿನ ಪತ್ರಿಕೆಯೊಂದು, ಆಡಳಿತ ಮಂಡಳಿಗೆ ಹೆಂಗಸರನ್ನು ಸೇರಿಸಿಕೊಂಡ ದೊಡ್ಡ ಕಂಪನಿಗಳು ನಷ್ಟಕ್ಕೆ ಬಿದ್ದಿವೆ ಎಂಬ ಅರ್ಥದ ಲೇಖನ ಪ್ರಕಟಿಸಿತು. ಎಕ್ಸೆಟರ್ ವಿಶ್ವವಿದ್ಯಾಲಯದ ಮಿಶೆಲ್ ರಯಾನ್ ಮತ್ತು ಅಲೆಕ್ಸಾಂಡರ್ ಹ್ಯಾಸ್ಲಂ ಅದನ್ನು ಹಾಗೆಯೇ ಒಪ್ಪಲಿಲ್ಲ. ಯಾವುದು ಮೊದಲು, ಯಾವುದು ಆಮೇಲೆ ಎಂದು ತಿಂಗಳು ತಿಂಗಳ ಷೇರು ಬೆಲೆಯನ್ನು ನೋಡಿದರು. 2005ರಲ್ಲಿ ಅವರು ಪ್ರಕಟಿಸಿದ ಫಲಿತಾಂಶ ಬೇರೆಯೇ ಇತ್ತು. ಮಾರುಕಟ್ಟೆ ಕುಸಿದಿದ್ದ ಕಾಲದಲ್ಲಿ ಮಹಿಳೆಯರನ್ನು ನೇಮಿಸಿಕೊಂಡ ಕಂಪನಿಗಳು ಅದಕ್ಕೆ ಐದು ತಿಂಗಳು ಮೊದಲಿನಿಂದಲೇ ಸೊರಗಿದ್ದವು. ಮಳೆಯಲ್ಲಿ ಕೊಡೆ ಬಿಚ್ಚಿದವರನ್ನು ಕಂಡು, ಕೊಡೆಯಿಂದಲೇ ಮಳೆ ಬಂತು ಎಂದಂತಾಗಿತ್ತು ಪತ್ರಿಕೆಯ ವಾದ. ಈ ಸ್ಥಿತಿಗೆ ಅವರು ‘ಗಾಜಿನ ಪ್ರಪಾತ’ ಎಂದು ಹೆಸರಿಟ್ಟರು. ಆಮೇಲಿನ ಅಧ್ಯಯನಗಳಲ್ಲಿ ಎಲ್ಲ ಕಡೆಯೂ ಇದೇ ಉತ್ತರ ಬಂದಿಲ್ಲ. ಇಸ್ರೋದ ಕಥೆಯೂ ಇದಲ್ಲ. ಆದರೆ ‘ಬಿದ್ದವರಿಗೆ ಆಳಿಗೊಂದು ಕಲ್ಲು’ ಎಂಬ ಗಾದೆಯಂತೆ ದೂರುವ ಮೊದಲು, ಕೆಲಸ ಕೈಗೆ ಬಂದಾಗ ಅದರ ಸ್ಥಿತಿ ಹೇಗಿತ್ತು ಎಂದು ಕೇಳುವುದು ನ್ಯಾಯ. ತನ್ನನ್ನು ತಾನು ಹಳಿದುಕೊಳ್ಳುವ ಮೊದಲು ಆ ಹೆಣ್ಣುಮಗಳೂ ಅದನ್ನೇ ಕೇಳಿಕೊಳ್ಳಬೇಕು.

ಮೂರನೆಯದು, ಮನೆ. ಲಕ್ನೋದಲ್ಲಿ ಬೆಳೆದು, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದಿದ ರಿತು ಕರಿಧಾಲ್ ಮಂಗಳಯಾನದಲ್ಲೂ ಮುಖ್ಯ ಹೊಣೆ ಹೊತ್ತಿದ್ದರು. ಆ ದಿನಗಳಲ್ಲಿ ಸಂಜೆ ಮನೆಗೆ ಬಂದು, ಮಕ್ಕಳ ಹೋಮ್‌ವರ್ಕ್ ನೋಡಿ, ರಾತ್ರಿ ಮತ್ತೆ ಕೆಲಸಕ್ಕೆ ಕೂರುತ್ತಿದ್ದುದನ್ನು ಅವರೇ ಹೇಳಿಕೊಂಡಿದ್ದಾರೆ. ಮನೆಯವರ ನೆರವನ್ನೂ ಸ್ಮರಿಸಿದ್ದಾರೆ. ಇದನ್ನು ಓದಿ ‘ಎಂಥ ತಾಯಿ!’ ಎಂದು ಮೆಚ್ಚುವುದು ಸುಲಭ. ಆ ಹೋಮ್‌ವರ್ಕನ್ನು ಮನೆಯಲ್ಲಿ ಇನ್ಯಾರು ನೋಡಬಹುದು ಎಂದು ಯೋಚಿಸುವುದು ಅದಕ್ಕಿಂತ ಉಪಯುಕ್ತ. ‘ಕೆಲಸದಲ್ಲಿ ಗೆದ್ದೆ, ಮನೆಯಲ್ಲಿ ಸೋತೆ’ ಎಂಬ ಕೊರಗು ಅನೇಕ ಉದ್ಯೋಗಸ್ಥ ಹೆಂಗಸರನ್ನು ಕಾಡುತ್ತದೆ. ಅದನ್ನು ಹೆಚ್ಚಿಸುವುದೂ ತಗ್ಗಿಸುವುದೂ ಬಹುಮಟ್ಟಿಗೆ ಮನೆಮಂದಿಯ ಕೈಯಲ್ಲಿದೆ.

ಇನ್ನು ಚಂದ್ರಯಾನದ ಮುಂದಿನ ಕಥೆ. ಇಸ್ರೋ ಕೈಕಟ್ಟಿ ಕೂರಲಿಲ್ಲ. ವಿಕ್ರಮ್ ಎಲ್ಲಿ ಎಡವಿತು ಎಂದು ಹುಡುಕಿತು. ಚಂದ್ರಯಾನ-3ರ ಕಾಲುಗಳನ್ನು ಗಟ್ಟಿ ಮಾಡಿದರು, ಇಂಧನ ಹೆಚ್ಚಿಸಿದರು. ಇಳಿಯುವ ಜಾಗವನ್ನು ಅರ್ಧ ಕಿ.ಮೀ. ಚೌಕದಿಂದ 4 ಕಿ.ಮೀ. ಉದ್ದ, 2.4 ಕಿ.ಮೀ. ಅಗಲಕ್ಕೆ ಹಿಗ್ಗಿಸಿದರು. ಆ ಜಾಗವನ್ನು ಆರಿಸಲು ನೆರವಾದದ್ದು ಚಂದ್ರಯಾನ-2ರ ಕಕ್ಷಾಗಾಮಿ ತೆಗೆದ ಚಿತ್ರಗಳು. 2023ರ ಆಗಸ್ಟ್‌ನಲ್ಲಿ ಹೊಸ ನೌಕೆಗೂ ಭೂಮಿಗೂ ನಡುವೆ ಸಂದೇಶ ಸಾಗಿಸುವ ಕೊಂಡಿಯಾಗಿಯೂ ಅದು ಸಿದ್ಧವಾಗಿ ನಿಂತಿತು. ಆಗಸ್ಟ್ 23ರ ಸಂಜೆ 6 ಗಂಟೆ 4 ನಿಮಿಷಕ್ಕೆ ಭಾರತದ ನೌಕೆ ಚಂದ್ರನ ನೆಲ ಮುಟ್ಟಿತು.

ಅಂದು ಯೋಜನಾ ನಿರ್ದೇಶಕರಾಗಿ ಮಾತನಾಡಿದವರು ಪಿ. ವೀರಮುತ್ತುವೇಲ್. ಸಹ ಯೋಜನಾ ನಿರ್ದೇಶಕಿ ಕೆ. ಕಲ್ಪನಾ, ಚಂದ್ರಯಾನ-2ರ ಅನುಭವದ ನಂತರ ನೌಕೆಯನ್ನು ಮತ್ತೆ ಕಟ್ಟಲು ತೊಡಗಿದ ದಿನದಿಂದ ತಂಡಕ್ಕೆ ಅದೇ ಉಸಿರಾಗಿತ್ತು ಎಂದರು. ಹಾರ ಬಿದ್ದದ್ದು ಎರಡನೆಯ ತಂಡಕ್ಕೆ. ಆದರೆ ಅವರು ನಿಂತದ್ದು ಮೊದಲ ತಂಡ ಹಾಕಿದ್ದ ಅಡಿಪಾಯದ ಮೇಲೆ. 2019ರಲ್ಲಿ ‘ಆಗಲಿಲ್ಲ’ ಎನಿಸಿದ್ದ ಯೋಜನೆ ನಾಲ್ಕು ವರ್ಷದ ಬಳಿಕವೂ ದುಡಿಯುತ್ತಿತ್ತು.

ಎಸ್ಸೆಸ್ಸೆಲ್ಸಿ, ಪಿಯುಸಿ ಫಲಿತಾಂಶದ ದಿನ ಇದೇ ಪ್ರಶ್ನೆ ಮನೆಮನೆಯ ಬಾಗಿಲಿಗೆ ಬರುತ್ತದೆ. ಗೆದ್ದೆತ್ತಿನ ಬಾಲ ಹಿಡಿಯುವವರು ಊರ ತುಂಬ ಇದ್ದಾರೆ. ಅಂಕ ಕಡಿಮೆ ಬಂದ ಮಗ ‘ಇನ್ನೊಮ್ಮೆ ಕಟ್ಟಲಿ’ ಎನಿಸಿಕೊಳ್ಳುತ್ತಾನೆ. ಮಗಳಾದರೆ ‘ಇನ್ನು ಓದಿದ್ದು ಸಾಕು’ ಎನ್ನುವ ಮನೆಗಳು ಇಂದಿಗೂ ಇವೆ. ಅಂಥ ಮಾತು ಕೇಳಿ ಬೆಳೆದ ಹುಡುಗಿ ನಾಳೆ ದೊಡ್ಡ ಹುದ್ದೆಗೆ ಏರಿದರೂ, ಮೊದಲ ಏಟು ಬಿದ್ದೊಡನೆ ‘ಇದು ನನ್ನಿಂದಾಗದು’ ಎಂದುಕೊಳ್ಳುವ ಅಪಾಯವಿದೆ.

ಅದರ ಬದಲು ತಂದೆ-ತಾಯಿಯರು ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಮೂರು ಪ್ರಶ್ನೆ ಕೇಳಲಿ. ಯಾವುದು ಸರಿಯಾಗಿ ಆಯಿತು? ಎಲ್ಲಿ ತಪ್ಪಿತು? ಕಲಿತದ್ದರಲ್ಲಿ ಮುಂದಿನ ಸಲಕ್ಕೆ ಯಾವುದು ಒದಗುತ್ತದೆ? ಇಸ್ರೋ ತನ್ನನ್ನು ತಾನು ಕೇಳಿಕೊಂಡದ್ದೂ ಹೆಚ್ಚುಕಡಿಮೆ ಇವನ್ನೇ. ಉತ್ತರ ಬರೆದಿಡಲು ಒಂದು ಹಾಳೆ ಸಾಕು. ಅಂಕಪಟ್ಟಿಯ ಜೊತೆಗೆ ಅದನ್ನೂ ಜೋಪಾನ ಮಾಡಲಿ.